ಹದಿನಾಲ್ಕೇ ಜನ

1981ರ ಮೇ 2ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆಸ್ಟನ್ ವಿಲ್ಲಾ ತಂಡ ಆರ್ಸೆನಲ್ ಎದುರು 2-0 ಗೋಲುಗಳಿಂದ ಸೋತಿತು. ಸೋತು, ಅದೇ ಸಂಜೆ ಇಂಗ್ಲೆಂಡಿನ ಚಾಂಪಿಯನ್ ಆಯಿತು! ಬೆನ್ನಟ್ಟಿ ಬರುತ್ತಿದ್ದ ಇಪ್ಸ್‌ವಿಚ್ ತಂಡ ಅತ್ತ ಮಿಡ್ಲ್ಸ್‌ಬರೋದಲ್ಲಿ 2-1ರಿಂದ ಸೋತದ್ದೇ ಇದಕ್ಕೆ ಕಾರಣ. ವಿಲ್ಲಾ ಬರ್ಮಿಂಗ್‌ಹ್ಯಾಮಿನ ಹಳೇ ಕ್ಲಬ್ಬು. ಅದಕ್ಕೆ ಲೀಗ್ ಪಟ್ಟ ಸಿಕ್ಕಿದ್ದು 1910ರ ನಂತರ, ಅಂದರೆ 71 ವರ್ಷಗಳ ಮೇಲೆ.

ಸೋತು ಗೆದ್ದದ್ದು ತಮಾಷೆಯ ಸಂಗತಿ ಹೌದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಆ ಇಡೀ ಸೀಸನ್ನಿನ 42 ಲೀಗ್ ಪಂದ್ಯಗಳಿಗೆ ವಿಲ್ಲಾ ಬಳಸಿದ ಆಟಗಾರರ ಸಂಖ್ಯೆ ಕೇವಲ 14. ಹನ್ನೊಂದು ಜನ ಆಡುವ ಆಟದಲ್ಲಿ ಹೆಚ್ಚುವರಿ ಬರೇ ಮೂರು ಮಂದಿ.

ಲೆಕ್ಕದವನಾದ್ದರಿಂದ ಸ್ವಲ್ಪ ಲೆಕ್ಕ ಹಾಕುತ್ತೇನೆ, ಬೇಸರಿಸಬೇಡಿ. 42 ಪಂದ್ಯ, ಪಂದ್ಯಕ್ಕೆ 11 ಜಾಗ, ಒಟ್ಟು 462 ಜಾಗಗಳು. ಇದರಲ್ಲಿ ಏಳು ಮಂದಿ ಒಂದೇ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದರು. ಗೋಲ್‌ಕೀಪರ್ ಜಿಮ್ಮಿ ರಿಮ್ಮರ್, ಡಿಫೆನ್ಸಿನಲ್ಲಿ ಕೆನಿ ಸ್ವೇನ್ ಮತ್ತು ಕೆನ್ ಮೆಕ್‌ನಾಟ್, ನಡುವೆ ನಾಯಕ ಡೆನಿಸ್ ಮಾರ್ಟಿಮರ್, ಡೆಸ್ ಬ್ರೆಮ್ನರ್ ಮತ್ತು ಗಾರ್ಡನ್ ಕವನ್ಸ್, ಎಡ ಅಂಚಿನಲ್ಲಿ ಟೋನಿ ಮಾರ್ಲೆ. ಏಳು ಸಲ 42 ಅಂದರೆ 294. ನೂರಕ್ಕೆ ಅರವತ್ತಮೂರಕ್ಕಿಂತ ಹೆಚ್ಚು ಜಾಗಗಳನ್ನು ಏಳೇ ಜನ ತುಂಬಿದರು. ಉಳಿದವರಲ್ಲಿ ಅಲನ್ ಇವಾನ್ಸ್, ಗ್ಯಾರಿ ಶಾ ಮತ್ತು ಪೀಟರ್ ವಿದ್ ಕೂಡ ಹೆಚ್ಚುಕಡಿಮೆ ಎಲ್ಲ ಪಂದ್ಯಗಳನ್ನೂ ಆಡಿದರು. ಎಡ ಬ್ಯಾಕಿನ ಜಾಗವನ್ನು ಗ್ಯಾರಿ ವಿಲಿಯಮ್ಸ್ ಮತ್ತು ಕಾಲಿನ್ ಗಿಬ್ಸನ್ ಅರ್ಧರ್ಧ ಹಂಚಿಕೊಂಡರು. ಡೇವಿಡ್ ಗೆಡ್ಡಿಸ್, ಏಮನ್ ಡೀಸಿ ಅಗತ್ಯ ಬಿದ್ದಾಗ ಬಂದು ಹೋದರು. ಅಲ್ಲಿಗೆ ಹಾಜರಿ ಪುಸ್ತಕ ಮುಗಿಯಿತು.

ಇದಕ್ಕೆ ಮೊದಲು ಲಿವರ್‌ಪೂಲ್ ಕೂಡ 1965-66ರಲ್ಲಿ ಹದಿನಾಲ್ಕೇ ಜನರನ್ನು ಬಳಸಿ ಲೀಗ್ ಗೆದ್ದಿತ್ತು. ಆ ಹದಿನಾಲ್ಕರಲ್ಲೂ ಒಬ್ಬ ಆಡಿದ್ದು ಒಂದೇ ಪಂದ್ಯ. ಈಗಿನ ಇಂಗ್ಲಿಷ್ ತಂಡವೊಂದು ಪಂದ್ಯದ ನಡುವೆಯೇ ಐವರನ್ನು ಬದಲಾಯಿಸಬಹುದು. ವಿಲ್ಲಾದ ಕಾಲದಲ್ಲಿ ಲೀಗ್ ಪಂದ್ಯದಲ್ಲಿ ಒಬ್ಬನಿಗೆ ಮಾತ್ರ ಅವಕಾಶವಿತ್ತು. ಮೈದಾನಗಳೂ ಈಗಿನಂತೆ ಜಮಖಾನ ಹಾಸಿದ ಹಾಗಿರಲಿಲ್ಲ. ಜನವರಿ, ಫೆಬ್ರವರಿಯಲ್ಲಿ ನಮ್ಮ ಕಡೆಯ ನಾಟಿ ಗದ್ದೆಯಂತೆ ಕೆಸರಾಗುತ್ತಿದ್ದವು. ಹಳೆಯ ರೆಕಾರ್ಡಿಂಗುಗಳನ್ನು ಈಗ ಯೂಟ್ಯೂಬಿನಲ್ಲಿ ನೋಡಿದರೆ ಇವರು ಹೇಗಪ್ಪಾ ಕಾಲು ಮುರಿದುಕೊಳ್ಳದೆ ಆಡಿದರು ಅನಿಸುತ್ತದೆ. (ಆಗ ನೋಡುವ ಭಾಗ್ಯ ನಮಗೆಲ್ಲಿತ್ತು? ನಾನು ಊರಲ್ಲಿ ಹೈಸ್ಕೂಲಿಗೂ ಕಾಲಿಟ್ಟಿರಲಿಲ್ಲ, ಬೀದಿಗೊಂದು ಟೀವಿಯೂ ಇರಲಿಲ್ಲ.)

ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ಪ್ರಶ್ನೆ ಬರುತ್ತದೆ. ಅದೇ ಜನ ಒಟ್ಟಿಗೆ ಆಡಿದರೆ ಅಷ್ಟೇನು ವಿಶೇಷ? ಒಳ್ಳೆಯ ಆಟಗಾರರನ್ನು ಎಲ್ಲಿಂದಲಾದರೂ ತಂದು ಸೇರಿಸಿದರೆ ಸಾಲದೇ? ಕ್ರಿಕೆಟಿನಲ್ಲಿ ಬಹುಮಟ್ಟಿಗೆ ಸಾಕು. ನಮ್ಮ ಬೆಂಗಳೂರಿನ ಆರ್‌ಸಿಬಿಯನ್ನೇ ನೋಡಿ. 2024ರ ನವೆಂಬರಿನ ಹರಾಜಿಗೆ ಮೊದಲು ಕೊಹ್ಲಿ ಸೇರಿ ಮೂವರನ್ನು ಮಾತ್ರ ಉಳಿಸಿಕೊಂಡು, ಉಳಿದವರನ್ನೆಲ್ಲ ಹರಾಜಿನಲ್ಲಿ ಕೊಂಡು, 2025ರಲ್ಲಿ ಕಪ್ ಎತ್ತಿತು. ಯಾಕೆಂದರೆ ಕ್ರಿಕೆಟ್ ಮೂಲತಃ ಒಬ್ಬ ಬೌಲರ್ ಮತ್ತು ಒಬ್ಬ ಬ್ಯಾಟ್ಸ್‌ಮನ್ ನಡುವಿನ ವ್ಯವಹಾರ. ಫುಟ್‌ಬಾಲ್ ಹಾಗಲ್ಲ. ಚೆಂಡು ಕಾಲಲ್ಲಿರುವವನು ಒಬ್ಬ, ಮಿಕ್ಕ ಹತ್ತು ಜನ ಆ ಹೊತ್ತಿಗೆ ಎಲ್ಲಿದ್ದಾರೆ, ಯಾವ ಕಡೆಗೆ ಓಡುತ್ತಾರೆ ಅನ್ನುವುದರ ಮೇಲೆ ಆಟ ನಿಂತಿದೆ. ತಲೆ ಎತ್ತಿ ನೋಡಿ ಪಾಸ್ ಕೊಡುವಷ್ಟು ಪುರುಸೊತ್ತು ಸಿಗುವುದಿಲ್ಲ. ನೋಡದೆ ಗೊತ್ತಿರಬೇಕು. ಬಲ ಬ್ಯಾಕ್ ಸ್ವೇನ್ ಮುಂದಕ್ಕೆ ಓಡಿದರೆ ಅವನು ಬಿಟ್ಟ ಜಾಗಕ್ಕೆ ಬ್ರೆಮ್ನರ್ ಬಂದು ನಿಲ್ಲುತ್ತಾನೆ ಎಂಬುದನ್ನು ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಎತ್ತರದ ವಿದ್ ತಲೆಯಿಂದ ಚೆಂಡನ್ನು ಎಲ್ಲಿ ಬೀಳಿಸುತ್ತಾನೆ ಎಂಬುದು ಶಾಗೆ ಗೊತ್ತಿತ್ತು. ಆ ಸೀಸನ್ನಿನಲ್ಲಿ ಲೀಗಿನಲ್ಲಿ ವಿದ್ 20 ಗೋಲು ಹೊಡೆದ, ಶಾ 18.

ಇಷ್ಟು ಬರೆದ ಮೇಲೆ ಇನ್ನೊಂದು ಬದಿಯನ್ನೂ ತೋರಿಸಬೇಕು. ಇಪ್ಸ್‌ವಿಚ್ ತಂಡ ಆ ವರ್ಷ ವಿಲ್ಲಾವನ್ನು ಮೂರು ಸಲ ಸೋಲಿಸಿತ್ತು, ಎರಡು ಸಲ ಲೀಗಿನಲ್ಲಿ, ಒಂದು ಸಲ ಎಫ್.ಎ. ಕಪ್ಪಿನಲ್ಲಿ. ಬಾಬಿ ರಾಬ್ಸನ್ ತಯಾರು ಮಾಡಿದ ಆ ತಂಡವೇ ಚಂದದ ತಂಡ ಎಂದು ಈಗಲೂ ಹೇಳುವವರಿದ್ದಾರೆ. ಅವರು ಯುಇಎಫ್ಎ ಕಪ್ಪನ್ನೂ ಗೆದ್ದರು. ಆದರೆ ಮೂರು ಕಡೆ ಹೋರಾಡುತ್ತ ಒಟ್ಟು 66 ಪಂದ್ಯ ಆಡಿ ಸುಸ್ತಾದರು. ವಿಲ್ಲಾ ಎರಡೂ ಕಪ್‌ಗಳಿಂದ ಬೇಗ ಹೊರಬಿದ್ದಿತ್ತು. ಲೀಗ್ ಕಪ್ಪಿನಲ್ಲಿ ಕೆಳಗಿನ ಡಿವಿಜನ್ನಿನ ಕೇಂಬ್ರಿಜ್ ಯುನೈಟೆಡ್ ಕೈಲಿ ಸೋತು ಮನೆಗೆ ಬಂದಿತ್ತು. ಒಟ್ಟು ಆಡಿದ್ದು 46 ಪಂದ್ಯ. ಇಪ್ಸ್‌ವಿಚ್‌ಗಿಂತ ಇಪ್ಪತ್ತು ಕಡಿಮೆ! ಏಪ್ರಿಲ್ ಮಧ್ಯದಲ್ಲಿ ಇಪ್ಸ್‌ವಿಚ್ ವಿಲ್ಲಾದ ಮನೆಯಂಗಳದಲ್ಲೇ 2-1ರಿಂದ ಗೆದ್ದಾಗ ಪಟ್ಟ ಕೈತಪ್ಪಿತೆಂದು ಬಹಳ ಜನ ಅಂದುಕೊಂಡರು. ಆದರೆ ಅಲ್ಲಿಂದ ಮುಂದೆ ಮುಗ್ಗರಿಸಿದ್ದು ಇಪ್ಸ್‌ವಿಚ್. ಕೊನೆಗೆ ವಿಲ್ಲಾಗೆ 60 ಪಾಯಿಂಟು, ಇಪ್ಸ್‌ವಿಚ್‌ಗೆ 56. ಗೆದ್ದರೆ ಎರಡೇ ಪಾಯಿಂಟು ಕೊಡುತ್ತಿದ್ದ ಕೊನೆಯ ಸೀಸನ್ ಅದು.

ಹಾಗಾದರೆ ವಿಲ್ಲಾ ಗೆದ್ದದ್ದು ಒಗ್ಗಿದ ತಂಡವಾದ್ದರಿಂದಲೋ, ಯಾರಿಗೂ ದೊಡ್ಡ ಏಟು ಬೀಳದ ಅದೃಷ್ಟದಿಂದಲೋ? ಇನ್ನೊಂದು ರೀತಿಯಲ್ಲೂ ಕೇಳಬಹುದು. ಗೆಲ್ಲುತ್ತಿರುವ ತಂಡವನ್ನು ಯಾವ ಮ್ಯಾನೇಜರ್ ಬದಲಾಯಿಸುತ್ತಾನೆ? ಒಂದೇ ತಂಡ ಇದ್ದದ್ದರಿಂದ ಗೆದ್ದರೋ, ಗೆದ್ದದ್ದರಿಂದ ಒಂದೇ ತಂಡ ಉಳಿಯಿತೋ? 1980-81ರ ಅಂಕಿಗಳನ್ನು ಎಷ್ಟು ತಿರುವಿ ಹಾಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಎಲ್ಲ ಸರಿಯಾಗಿದ್ದ ವರ್ಷದ ಪುಸ್ತಕದಲ್ಲಿ ಏನೂ ಗೊತ್ತಾಗದು, ಇದು ಬ್ಯಾಂಕಿನಲ್ಲೂ ಅಷ್ಟೇ. ಏನಾದರೂ ಮುರಿದು ಬಿದ್ದಾಗ ನೋಡಬೇಕು.

ಮುಂದಿನ ವರ್ಷ ಮುರಿದು ಬಿತ್ತು, ಎರಡು ಸಲ.

ಮೊದಲನೆಯದು ಮ್ಯಾನೇಜರ್. ರಾನ್ ಸಾಂಡರ್ಸ್ 1974ರಲ್ಲಿ ವಿಲ್ಲಾಗೆ ಬಂದ ಶಿಸ್ತಿನ ಮನುಷ್ಯ. ಈ ಹದಿನಾಲ್ಕು ಜನರ ತಂಡ ಆತನ ಕೈಯದು. ಅದನ್ನು ಕಟ್ಟಲು ಆತ ಮಾಡಿದ ಮೊದಲ ಕೆಲಸ ಹಳೆಯ ತಂಡವನ್ನು ಒಡೆದದ್ದು! 1977ರಲ್ಲಿ ಲೀಗ್ ಕಪ್ ಗೆದ್ದ ತಂಡದಲ್ಲಿ ಆಂಡಿ ಗ್ರೇ ಎಂಬ ಹೀರೋ ಇದ್ದ. ಅವನನ್ನು 1979ರಲ್ಲಿ ವುಲ್ವ್ಸ್ ತಂಡಕ್ಕೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಪೌಂಡಿಗೆ ಮಾರಿದರು. ಬ್ರಿಟನ್ನಿನಲ್ಲಿ ಆಗಿನ ದಾಖಲೆ ಬೆಲೆ ಅದು. ಗಿಡ್‌ಮನ್, ಡೀಹನ್ ಕೂಡ ಹೋದರು. ಮಾರ್ಲೆ, ಬ್ರೆಮ್ನರ್ ಬಂದರು. ಕೊನೆಯ ತುಂಡಾಗಿ 1980ರಲ್ಲಿ ಐದು ಲಕ್ಷ ಪೌಂಡಿಗೆ ವಿದ್ ಬಂದ. ಅಲ್ಲಿಗೆ ಸಾಂಡರ್ಸ್ ಕೈ ತೊಳೆದು ಕೂತರು. ಒಡೆಯಬೇಕಾದಾಗ ಒಡೆದು, ಸರಿಹೊಂದಿದ ಮೇಲೆ ಮುಟ್ಟದೆ ಬಿಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಹೊಸದಾಗಿ ಬಂದ ಸಾಹೇಬರು ಮೊದಲ ವಾರವೇ ಕೌಂಟರುಗಳನ್ನು ಅಲ್ಲಿಂದಿಲ್ಲಿಗೆ ಸರಿಸುವುದನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಇಂಥ ಸಾಂಡರ್ಸ್, ಒಪ್ಪಂದದ ವಿಷಯದಲ್ಲಿ ಆಡಳಿತ ಮಂಡಳಿಯೊಡನೆ ಜಗಳವಾಗಿ 1982ರ ಫೆಬ್ರವರಿಯಲ್ಲಿ ರಾಜೀನಾಮೆ ಬಿಸಾಕಿದರು. ಕೆಲವೇ ದಿನಗಳಲ್ಲಿ ಅದೇ ಊರಿನ ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿಗೆ ಹೋಗಿ ಸೇರಿಕೊಂಡರು. ವಿಲ್ಲಾ ಆಗ ಯುರೋಪಿಯನ್ ಕಪ್ಪಿನ ಕ್ವಾರ್ಟರ್‌ಫೈನಲ್ ಹೊಸ್ತಿಲಲ್ಲಿತ್ತು. ಎದುರಿಗೆ ಡೈನಮೊ ಕೀವ್. ಸಾಂಡರ್ಸ್ ಜಾಗಕ್ಕೆ ಬಂದವರು ಅವರ ಕೈಕೆಳಗೇ ಇದ್ದ ಟೋನಿ ಬಾರ್ಟನ್. ಹೊರಗೆ ಹೆಸರೇ ಗೊತ್ತಿಲ್ಲದ ಮನುಷ್ಯ. ಬಾರ್ಟನ್ ಮಾಡಿದ ದೊಡ್ಡ ಉಪಕಾರವೆಂದರೆ ಏನನ್ನೂ ಬದಲಾಯಿಸದೆ ಇದ್ದದ್ದು. ಮಾರ್ಚಿನಲ್ಲಿ ಅಲ್ಲಿ 0-0, ಇಲ್ಲಿ 2-0. ಸೆಮಿಫೈನಲ್ಲಿನಲ್ಲಿ ಬೆಲ್ಜಿಯಮ್ಮಿನ ಆಂಡರ್‌ಲೆಕ್ಟ್ ವಿರುದ್ಧ 1-0, 0-0.

ಎರಡನೆಯದು ಮೇ 26ರ ಫೈನಲ್. ಜಾಗ ರಾಟರ್‌ಡ್ಯಾಮ್, ಎದುರಾಳಿ ಬಯರ್ನ್ ಮ್ಯೂನಿಕ್. ಆ ಸಂಜೆ ವಿಲ್ಲಾದಿಂದ ಇಳಿದ ಹನ್ನೊಂದು ಜನರೂ ಹಿಂದಿನ ವರ್ಷದ ಆ ಹದಿನಾಲ್ಕರವರೇ. ಆದರೆ ಒಂಬತ್ತು ನಿಮಿಷ ಆಗುವಷ್ಟರಲ್ಲಿ ಗೋಲ್‌ಕೀಪರ್ ರಿಮ್ಮರ್ ಕತ್ತಿನ ನೋವಿನಿಂದ ಹೊರಗೆ ನಡೆದ. ಹಿಂದಿನ ಸೀಸನ್ನಿನಲ್ಲಿ ಒಂದು ಪಂದ್ಯ ತಪ್ಪಿಸದವನು! ಒಳಗೆ ಬಂದವನು ನೈಜೆಲ್ ಸ್ಪಿಂಕ್ ಎಂಬ ಇಪ್ಪತ್ತಮೂರರ ಹುಡುಗ. ಅವನು ವಿಲ್ಲಾದ ಮೊದಲ ತಂಡಕ್ಕೆ ಅದುವರೆಗೆ ಆಡಿದ್ದು ಒಂದೇ ಒಂದು ಪಂದ್ಯ, ಅದೂ 1979ರ ಡಿಸೆಂಬರಿನಲ್ಲಿ. ಎರಡನೆಯದು ಯುರೋಪಿಯನ್ ಕಪ್ ಫೈನಲ್. ಎದುರಿಗೆ ರುಮೆನಿಗೆ, ಬ್ರೈಟ್ನರ್, ಹೋನೆಸ್.

ಆ ಹುಡುಗ ಅದ್ಭುತವಾಗಿ ಆಡಿದ, ನಿಜ. ಆದರೆ ರೆಕಾರ್ಡಿಂಗ್ ನೋಡುವಾಗ ನಾನು ಸ್ಪಿಂಕ್‌ನನ್ನಲ್ಲ, ಅವನ ಮುಂದಿನ ನಾಲ್ವರನ್ನು ನೋಡುತ್ತೇನೆ. ಸ್ವೇನ್, ಇವಾನ್ಸ್, ಮೆಕ್‌ನಾಟ್, ವಿಲಿಯಮ್ಸ್. ಬಯರ್ನ್ ಮೇಲಿಂದ ಮೇಲೆ ನುಗ್ಗಿ ಬಂದರೂ ಯಾರೂ ತಮ್ಮ ಜಾಗ ಮರೆಯಲಿಲ್ಲ. ನಾಲ್ವರೂ ನಿನ್ನೆ ಮೊನ್ನೆ ಸೇರಿದವರಾಗಿದ್ದರೆ, ಹಿಂದೆ ಹೊಸ ಕೀಪರ್ ಬಂದ ಕೂಡಲೇ ಎಲ್ಲರ ಕಣ್ಣೂ ಹಿಂದಕ್ಕೆ ಹೋಗುತ್ತಿತ್ತು. ಹೊಸ ಹುಡುಗ ಒಬ್ಬನೇ ಹೊಸಬನಾಗಿದ್ದ, ಮಿಕ್ಕ ಹತ್ತು ಹಳೆಯದಾಗಿತ್ತು. ಇದನ್ನೇ ನಾನು ಹೇಳಬೇಕೆಂದಿದ್ದದ್ದು. ಒಗ್ಗಿದ ತಂಡದ ಬೆಲೆ ಗೊತ್ತಾಗುವುದು ಎಲ್ಲರೂ ಹಾಜರಿದ್ದಾಗಲ್ಲ, ಒಬ್ಬ ಗೈರುಹಾಜರಾದಾಗ. ಹೆಡ್ ಕ್ಯಾಷಿಯರ್ ಬೆಳಿಗ್ಗೆ ಫೋನ್ ಮಾಡಿ ಜ್ವರ ಎಂದ ದಿನವೂ ಹತ್ತು ಗಂಟೆಗೆ ಕೌಂಟರ್ ತೆರೆಯುವ ಬ್ರಾಂಚು ಹೇಗಿರುತ್ತದೆಯೋ ಹಾಗೆ.

67ನೇ ನಿಮಿಷದಲ್ಲಿ ಗೋಲು ಬಂತು. ಶಾ ಎಡಗಡೆ ತಿರುಗಿ ಮಾರ್ಲೆಗೆ ಕೊಟ್ಟ. ಮಾರ್ಲೆ ತನ್ನನ್ನು ಕಾಯುತ್ತಿದ್ದ ಡಿಫೆಂಡರನ್ನು ಅತ್ತ ಇತ್ತ ಕುಣಿಸಿ ನೆಲಮಟ್ಟದ ಕ್ರಾಸ್ ಹಾಕಿದ. ಅದು ಬರುವ ಜಾಗದಲ್ಲಿ ವಿದ್ ಆಗಲೇ ನಿಂತಿದ್ದ. ಪಾದಕ್ಕೂ ಮೊಣಕಾಲಿಗೂ ನಡುವೆಲ್ಲೋ ತಾಗಿ, ಕಂಬಕ್ಕೆ ಬಡಿದು ಒಳಗೆ ಹೋಯಿತು. ನೋಡಲು ಅಂಥಾ ಚಂದದ ಗೋಲೇನಲ್ಲ. ಆದರೆ ಈ ಮೂವರು ಎರಡು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದರು. 1-0. ಒಂಬತ್ತು ಪಂದ್ಯಗಳ ಆ ಟೂರ್ನಿಯಲ್ಲಿ ವಿಲ್ಲಾ ಬಿಟ್ಟುಕೊಟ್ಟ ಗೋಲು ಎರಡೇ ಎರಡು. ಪಾಪ ರಿಮ್ಮರ್! 1968ರ ಫೈನಲ್ಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಬದಲಿ ಆಟಗಾರನಾಗಿ ಬೆಂಚಿನಲ್ಲೇ ಕೂತಿದ್ದವನು. ಎರಡು ಯುರೋಪಿಯನ್ ಕಪ್ ಗೆದ್ದ ತಂಡಗಳಲ್ಲಿದ್ದು, ಎರಡೂ ಫೈನಲ್ ಸೇರಿ ಆಡಿದ್ದು ಒಂಬತ್ತು ನಿಮಿಷ.

ಹಾಗಂತ ಹಳಬರೇ ಇರಲಿ ಎಂಬುದು ಎಲ್ಲ ರೋಗಕ್ಕೂ ಮದ್ದಲ್ಲ ಮಾರಾಯ್ರೇ. ಯುರೋಪನ್ನು ಗೆದ್ದ ಇದೇ ಜನ ಅದೇ 1981-82ರಲ್ಲಿ ತಮ್ಮ ದೇಶದ ಲೀಗಿನಲ್ಲಿ 22 ತಂಡಗಳಲ್ಲಿ 11ನೆಯವರಾದರು. ಬ್ಯಾಂಕುಗಳು ನಮ್ಮನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಎತ್ತಿ ಬೇರೆ ಕಡೆ ಹಾಕುವುದು ಸುಮ್ಮನೆ ಅಲ್ಲ. ಒಂದೇ ಮೇಜಿನಲ್ಲಿ ಬೇರು ಬಿಟ್ಟರೆ ತಪ್ಪುಗಳೂ ಅಭ್ಯಾಸವಾಗುತ್ತವೆ, ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ತಂಡದ ಮಟ್ಟಿಗೆ ಇನ್ನೂ ಒಂದು ಅಪಾಯವಿದೆ. ಒಟ್ಟಿಗೆ ಬಂದವರು ಒಟ್ಟಿಗೇ ಮುದುಕರಾಗುತ್ತಾರೆ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಲಿವರ್‌ಪೂಲಿನವರು. 1976ರಿಂದ 1984ರೊಳಗೆ ಏಳು ಸಲ ಲೀಗ್, ನಾಲ್ಕು ಸಲ ಯುರೋಪಿಯನ್ ಕಪ್. ಮ್ಯಾನೇಜರುಗಳನ್ನು ಕೂಡ ಹೊರಗಿನಿಂದ ತರಲಿಲ್ಲ. ಶ್ಯಾಂಕ್ಲಿ ಹೋದರೆ ಅವರ ಸಹಾಯಕ ಪೇಸ್ಲಿ, ಪೇಸ್ಲಿ ಹೋದರೆ ಅವರೊಡನಿದ್ದ ಫೇಗನ್. ಆಟಗಾರರಲ್ಲಿ ವರ್ಷಕ್ಕೆ ಒಬ್ಬಿಬ್ಬರನ್ನು ಮಾತ್ರ ಬದಲಾಯಿಸುತ್ತಿದ್ದರು. ಹೊಸಬನನ್ನು ತಂದ ಕೂಡಲೇ ಮೈದಾನಕ್ಕೆ ಇಳಿಸುತ್ತಿರಲಿಲ್ಲ. ಇಯಾನ್ ರಷ್‌ನನ್ನು 1980ರಲ್ಲಿ ಚೆಸ್ಟರ್ ಕ್ಲಬ್ಬಿನಿಂದ ಮೂರು ಲಕ್ಷ ಪೌಂಡ್ ಕೊಟ್ಟು ತಂದರೂ ಮೊದಲ ಸೀಸನ್ನಿನ ಬಹುಪಾಲು ರಿಸರ್ವ್ ತಂಡದಲ್ಲಿ ಆಡಿಸಿದರು. ಮನೆಯ ಕ್ರಮ ಕಲಿಯಲಿ ಅಂತ. ಮುಂದೆ ಅವನು ಆ ಕ್ಲಬ್ಬಿನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನಾದ. ನಮ್ಮಮ್ಮ ಹೆಪ್ಪು ಹಾಕುತ್ತಿದ್ದ ರೀತಿಯೂ ಇದೇ. ಹಾಲು ದಿನವೂ ಹೊಸದು, ಹೆಪ್ಪು ಮಾತ್ರ ನಿನ್ನೆಯದು.

ವಿಲ್ಲಾದಲ್ಲಿ ಆ ಹೆಪ್ಪು ಉಳಿಯಲಿಲ್ಲ. 1983ರ ಜನವರಿಯಲ್ಲಿ ಬಾರ್ಸಿಲೋನಾವನ್ನು ಸೋಲಿಸಿ ಸೂಪರ್ ಕಪ್ ಗೆದ್ದದ್ದೇ ಕೊನೆಯ ಹಬ್ಬ. ಕ್ಲಬ್ಬಿಗೆ ಸಾಲವಿತ್ತು. ಮತ್ತೆ ಅಧ್ಯಕ್ಷರಾಗಿ ಬಂದ ಡಗ್ ಎಲ್ಲಿಸ್ ಖರ್ಚಿಗೆ ಕತ್ತರಿ ಹಾಕಿದರು. ಸ್ವೇನ್, ರಿಮ್ಮರ್, ಮೆಕ್‌ನಾಟ್, ಮಾರ್ಲೆ, ಬ್ರೆಮ್ನರ್ ಒಬ್ಬರ ಹಿಂದೊಬ್ಬರು ಹೊರಟರು. 1985ರಲ್ಲಿ ವಿದ್, ಮಾರ್ಟಿಮರ್ ಹೋದರು, ಕವನ್ಸ್ ಇಟಲಿಯ ಬಾರಿ ಕ್ಲಬ್ಬಿಗೆ ಹೋದ. ಗ್ಯಾರಿ ಶಾನ ಮೊಣಕಾಲು 1983ರಲ್ಲೇ ಏಟು ತಿಂದು ಮತ್ತೆ ಮೊದಲಿನಂತಾಗಲಿಲ್ಲ. 1984ರಲ್ಲಿ ಬಾರ್ಟನ್ನರನ್ನೂ ಕಳಿಸಿದರು. 1987ರಲ್ಲಿ ವಿಲ್ಲಾ ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಬಿದ್ದು ಎರಡನೇ ಡಿವಿಜನ್ನಿಗೆ ಇಳಿಯಿತು. ರಾಟರ್‌ಡ್ಯಾಮಿನ ರಾತ್ರಿಯಿಂದ ಐದೇ ವರ್ಷ. ಆ ಸೀಸನ್ನಿನ ಬಹುಪಾಲು ಮ್ಯಾನೇಜರಾಗಿದ್ದವರು ಬಿಲ್ಲಿ ಮೆಕ್‌ನೀಲ್. 1967ರಲ್ಲಿ ಗ್ಲಾಸ್ಗೋದ ಮೂವತ್ತು ಮೈಲಿ ಸುತ್ತಳತೆಯಲ್ಲಿ ಹುಟ್ಟಿದ ಹುಡುಗರನ್ನೇ ಕಟ್ಟಿಕೊಂಡು ಯುರೋಪಿಯನ್ ಕಪ್ ಎತ್ತಿದ ಸೆಲ್ಟಿಕ್ ತಂಡದ ನಾಯಕ ಅವರು. ಒಗ್ಗಿದ ತಂಡವೆಂದರೇನೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದು ಏನು ಮಾಡುವುದು, ಕೈಗೆ ಸಿಕ್ಕಿದ್ದು ಚದುರಿದ ತಂಡ.

ಬಿ.ಕಾಂ. ಓದಿದವನಿಗೆ ಇಲ್ಲಿ ಇನ್ನೊಂದು ಕುತೂಹಲ. ಈ ಒಗ್ಗಿಕೊಂಡಿರುವಿಕೆ ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ಕೂರುತ್ತದೆ? ಎಲ್ಲಿಯೂ ಇಲ್ಲ. ಇಂದಿನ ಲೆಕ್ಕಪದ್ಧತಿಯಲ್ಲಿ ಕ್ಲಬ್ಬು ಒಬ್ಬ ಆಟಗಾರನನ್ನು ಕೊಂಡರೆ ಆ ಮೊತ್ತವನ್ನು ಆಸ್ತಿಯೆಂದು ತೋರಿಸಿ, ಒಪ್ಪಂದದ ಅಷ್ಟೂ ವರ್ಷಗಳಿಗೆ ಹಂಚಿ ಸವಕಳಿ ಬರೆಯುತ್ತಾರೆ. ಐದು ವರ್ಷದ ಒಪ್ಪಂದವಾದರೆ ವರ್ಷಕ್ಕೆ ಐದನೇ ಒಂದು ಭಾಗ. ಅಂದರೆ ಆಟಗಾರ ತಂಡದಲ್ಲಿ ಹಳಬನಾದಷ್ಟೂ ಪುಸ್ತಕದಲ್ಲಿ ಅವನ ಬೆಲೆ ಇಳಿಯುತ್ತದೆ. ಮೈದಾನದಲ್ಲಿ ಅವನು ಜೊತೆಯವರಿಗೆ ಹೊಂದಿಕೊಂಡು ಬೆಲೆ ಏರುತ್ತಿರುವ ಅದೇ ಹೊತ್ತಿನಲ್ಲಿ! ಇನ್ನು ಹುಡುಗನಾಗಿದ್ದಾಗಿನಿಂದ ಕ್ಲಬ್ಬಿನಲ್ಲೇ ಬೆಳೆದವನ ಬೆಲೆ ಪುಸ್ತಕದಲ್ಲಿ ಸೊನ್ನೆ. ಗ್ಯಾರಿ ಶಾ ಬರ್ಮಿಂಗ್‌ಹ್ಯಾಮಿನ ಮನೆಮಗ, ಕವನ್ಸ್ ಕೂಡ ಚಿಕ್ಕಂದಿನಿಂದ ವಿಲ್ಲಾದಲ್ಲೇ ಬೆಳೆದವನು. ಈ ಪದ್ಧತಿಯಲ್ಲಿ ಬರೆದರೆ ಇಬ್ಬರೂ ಸೊನ್ನೆ.

ಇದು ಬರೇ ಗುಮಾಸ್ತರ ತಲೆಹರಟೆಯಲ್ಲ. 2013ರಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಮೂರು ವರ್ಷದಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದೆಂಬ ನಿಯಮ ಬಂತು. ಆಗ ಏನಾಯಿತು? ಪುಸ್ತಕದಲ್ಲಿ ಸೊನ್ನೆ ಇರುವವನನ್ನು ಮಾರಿದರೆ ಬಂದ ಹಣವೆಲ್ಲ ಆ ವರ್ಷದ ಲಾಭ. ಹಾಗಾಗಿ ಮನೆಯಲ್ಲಿ ಬೆಳೆದ ಹುಡುಗರನ್ನೇ ಮೊದಲು ಮಾರುವ ಆಸೆ ಹುಟ್ಟಿತು. ಚೆಲ್ಸಿ ತಂಡ ಎಂಟನೇ ವಯಸ್ಸಿಗೇ ಅಲ್ಲಿಗೆ ಸೇರಿದ್ದ ಕಾನರ್ ಗ್ಯಾಲಗರ್‌ನನ್ನು 2024ರಲ್ಲಿ ಮ್ಯಾಡ್ರಿಡ್ಡಿಗೆ ಮಾರಿದಾಗ ಅಭಿಮಾನಿಗಳು ಹೊಟ್ಟೆ ಉರಿದುಕೊಂಡದ್ದು ಇದಕ್ಕೇ. ಇದಕ್ಕೂ ಮೊದಲು ಲೆಸ್ಟರ್ ಕಥೆ ಇದೆ. 2015-16ರಲ್ಲಿ ಬೇರೆಲ್ಲರಿಗಿಂತ ಕಡಿಮೆ ಬದಲಾವಣೆ ಮಾಡುತ್ತ ಲೀಗ್ ಗೆದ್ದ ತಂಡ. ಆ ಬೇಸಿಗೆಯಲ್ಲಿ ಕಾಂಟೆ ಚೆಲ್ಸಿಗೆ ಹೋದ. ಮುಂದಿನ ವರ್ಷ ಲೆಸ್ಟರ್ 12ನೇ ಸ್ಥಾನ, ಚೆಲ್ಸಿ ಚಾಂಪಿಯನ್.

ವಿಲ್ಲಾ ಮತ್ತೆ ಮೇಲೆ ಬಂದಿದೆ. 1982-83ರ ನಂತರ ಯುರೋಪಿನ ಆ ಅತಿ ದೊಡ್ಡ ಟೂರ್ನಿಗೆ ಮತ್ತೆ ಕಾಲಿಡಲು 2024ರವರೆಗೆ ಕಾಯಬೇಕಾಯಿತು. ಅಕ್ಟೋಬರ್ 2ರಂದು ವಿಲ್ಲಾ ಪಾರ್ಕಿನಲ್ಲಿ ಎದುರಾಳಿ ಅದೇ ಬಯರ್ನ್ ಮ್ಯೂನಿಕ್. ಗ್ಯಾರಿ ಶಾ ತೀರಿಕೊಂಡು ಆಗ ಎರಡು ವಾರ ಕಳೆದಿತ್ತಷ್ಟೇ, 63 ವರ್ಷ. ಮತ್ತೆ 1-0ರಿಂದ ವಿಲ್ಲಾ ಗೆದ್ದಿತು. ಗೋಲು ಹೊಡೆದವನು ಬದಲಿಯಾಗಿ ಬಂದ ಇಪ್ಪತ್ತರ ಹುಡುಗ ಜಾನ್ ಡುರಾನ್. ನಾಲ್ಕು ತಿಂಗಳು ತುಂಬುವ ಮೊದಲೇ, 2025ರ ಜನವರಿಯಲ್ಲಿ, ಅವನನ್ನು ಸೌದಿಯ ಅಲ್ ನಸ್ರ್ ಕ್ಲಬ್ಬಿಗೆ ಮಾರಿದರು.